ಕುಳ್ಳಗಿರುವ ಡಿಫೆನ್ಸಿವ್ ಮಿಡ್‌ಫೀಲ್ಡರ್ ಸ್ಟಾಪರ್ ಆಗಬಹುದೆ? ಮಸ್ಚೆರಾನೊ ಹೇಗೆ ಆದ?

ನಿಮ್ಮ ಪ್ರಶ್ನೆ ಇಷ್ಟು: ಎತ್ತರ 5 ಅಡಿ 8 ಇಂಚು, ಕಾಲೇಜು ಫುಟ್‌ಬಾಲ್ ತಂಡದಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್, ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಎದುರಾಳಿಯ ಚೆಂಡು ಕಿತ್ತುಕೊಳ್ಳುವವನು. ಈಗ ಕೋಚ್ ‘ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಆಡು, ಮಸ್ಚೆರಾನೊ ಆಡಲಿಲ್ಲವೇ’ ಅನ್ನುತ್ತಿದ್ದಾರೆ, ಒಪ್ಪಬೇಕೆ? ಮಸ್ಚೆರಾನೊ ಆಡಿದ, ಅದು ನಿಜ. ಅವನ ಎತ್ತರವೂ 1.74 ಮೀಟರ್, ಹೆಚ್ಚುಕಡಿಮೆ ನಿಮ್ಮಷ್ಟೇ. ಆದರೆ ಕೋಚ್ ಅರ್ಧ ಕತೆಯನ್ನಷ್ಟೇ ಹೇಳಿದ್ದಾರೆ. ಉಳಿದರ್ಧ ಅವನು ಯಾವ ತಂಡದಲ್ಲಿ ಸ್ಟಾಪರ್ ಆಗಿದ್ದ ಎಂಬುದರಲ್ಲಿದೆ.

ಹವಿಯರ್ ಮಸ್ಚೆರಾನೊ ಅರ್ಜೆಂಟೀನಾದವನು, ರಿವರ್ ಪ್ಲೇಟ್ ಕ್ಲಬ್‌ನಲ್ಲಿ ಬೆಳೆದವನು. ಅಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಜಾಗಕ್ಕೆ ‘ಸಿಂಕೊ’, ಅಂದರೆ ಐದು, ಎಂದೇ ಹೆಸರು. ರಿವರ್‌ನ ಹಿರಿಯರ ತಂಡಕ್ಕೆ ಆಡುವ ಮೊದಲೇ, 2003ರ ಜುಲೈನಲ್ಲಿ, ಅರ್ಜೆಂಟೀನಾ ಕೋಚ್ ಬಿಯೆಲ್ಸಾ ಅವನನ್ನು ರಾಷ್ಟ್ರೀಯ ತಂಡಕ್ಕೆ ಇಳಿಸಿದ್ದರು. ಬ್ರೆಜಿಲ್‌ನ ಕೊರಿಂಥಿಯನ್ಸ್ ಮೂಲಕ 2006ರ ಆಗಸ್ಟ್ ಕೊನೆಗೆ ಸಹ ಆಟಗಾರ ಟೆವೆಸ್ ಜೊತೆ ಇಂಗ್ಲೆಂಡಿನ ವೆಸ್ಟ್ ಹ್ಯಾಮ್‌ಗೆ ಬಂದ. ಅಲ್ಲಿ ಸಿಕ್ಕಿದ್ದು ಐದೇ ಲೀಗ್ ಪಂದ್ಯ. ಅಲ್ಲಿಂದ ಲಿವರ್‌ಪೂಲ್‌ಗೆ ಹೋದ.

ನೀವು ಕಲಿಯಬೇಕಾದದ್ದು ಶುರುವಾಗುವುದು ಲಿವರ್‌ಪೂಲ್‌ನಲ್ಲಿ. ಕೋಚ್ ಬೆನಿಟೆಸ್ ಅವರ 4-2-3-1 ವ್ಯೂಹದಲ್ಲಿ ನಾಲ್ವರು ಡಿಫೆಂಡರ್‌ಗಳ ಮುಂದೆ ನಿಲ್ಲುವ ಇಬ್ಬರು ಷಾಬಿ ಅಲಾನ್ಸೊ ಮತ್ತು ಮಸ್ಚೆರಾನೊ. ಚೆಂಡು ಹಂಚುವುದು ಅಲಾನ್ಸೊನ ಕೆಲಸ, ಕಿತ್ತು ತರುವುದು ಇವನದು. ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಮೇಲೆ ಹೋದರೆ ಖಾಲಿ ಬಿದ್ದ ಜಾಗಕ್ಕೆ ಇವನೇ ಓಡುತ್ತಿದ್ದ. ಬೆನ್ನ ಹಿಂದೆ ಇವನಿದ್ದಾನೆಂಬ ಧೈರ್ಯದಲ್ಲೇ ಇನ್ನೊಬ್ಬ ಮಿಡ್‌ಫೀಲ್ಡರ್ ಜೆರಾರ್ಡ್ ಮುಂದೆ ನುಗ್ಗುತ್ತಿದ್ದ. ಇವನ ಬೆಲೆ ಗೊತ್ತಾಗಬೇಕಾದರೆ 2007ರ ಅಥೆನ್ಸ್ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಮಿಲಾನ್‌ನ ಕಕಾನನ್ನು ಕಾಯುವ ಹೊಣೆ ಇವನದು. 78ನೇ ನಿಮಿಷದಲ್ಲಿ ಇವನನ್ನು ತೆಗೆದು ಫಾರ್ವರ್ಡ್ ಕ್ರೌಚ್‌ನನ್ನು ಕಳಿಸಿದರು. 82ನೇ ನಿಮಿಷಕ್ಕೆ ಕಕಾ ಕೊಟ್ಟ ಪಾಸ್‌ನಲ್ಲಿ ಇನ್‌ಜಾಗಿ ಎರಡನೇ ಗೋಲು ಹೊಡೆದ, ಪಂದ್ಯ 2-1. ಲಿವರ್‌ಪೂಲ್ ಹಿಂದೆ ಬಿದ್ದಿದ್ದರಿಂದ ಬದಲಾವಣೆ ತಪ್ಪೆಂದು ಹೇಳಲಾರೆ, ಆದರೆ ಅದರ ಖರ್ಚು ಕಣ್ಣಮುಂದೆಯೇ ಇತ್ತು.

ಅವನ ದೌರ್ಬಲ್ಯವೂ ಅಲ್ಲೇ ಬಯಲಾಯಿತು. 2009ರಲ್ಲಿ ಅಲಾನ್ಸೊ ರಿಯಲ್ ಮ್ಯಾಡ್ರಿಡ್‌ಗೆ ಹೋದ ಮೇಲೆ ಆಟ ಕಟ್ಟುವ ಭಾರವೂ ಇವನ ಮೇಲೆ ಬಿತ್ತು. ಹಿಂದಿನ ಋತುವಿನಲ್ಲಿ ಎರಡನೇ ಸ್ಥಾನದಲ್ಲಿದ್ದ ತಂಡ ಏಳಕ್ಕೆ ಇಳಿಯಿತು. ಒಬ್ಬನಿಂದ ಆದದ್ದಲ್ಲ, ಆದರೂ ಅವನ ಪಾಸ್ ಸುರಕ್ಷಿತವೇ ಹೊರತು ಎದುರಾಳಿಯ ಗೆರೆ ಮುರಿಯುವಂಥದ್ದಲ್ಲ ಎಂಬುದು ಅಲಾನ್ಸೊ ಇಲ್ಲದಾಗ ಎದ್ದು ಕಂಡಿತು. ಬಾಯಿಯದ್ದೂ ಒಂದು ಸಮಸ್ಯೆ. 2008ರ ಮಾರ್ಚ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ, ತನ್ನದೇ ತಂಡದ ಟೊರೆಸ್‌ಗೆ ಹಳದಿ ಕಾರ್ಡ್ ಯಾಕೆಂದು ರೆಫರಿಯ ಬಳಿ ಹೋಗಿ ವಾದಿಸಿ ತಾನೇ ಎರಡನೇ ಹಳದಿ ಪಡೆದು ಹೊರಬಿದ್ದ. ಲಿವರ್‌ಪೂಲ್ 3-0 ಸೋತಿತು.

2010ರಲ್ಲಿ ಬಾರ್ಸಿಲೋನಾಗೆ ಹೋದಾಗ ಅವನ ಜಾಗದಲ್ಲಿ ಬುಸ್ಕೆಟ್ಸ್ ಬೇರು ಬಿಟ್ಟಾಗಿತ್ತು. ಸ್ಟಾಪರ್ ಪುಯೋಲ್ ಗಾಯದಿಂದ ಹೊರಗಿದ್ದಾಗ ಕೋಚ್ ಗಾರ್ಡಿಯೋಲಾ ಇವನನ್ನು ಹಿಂದಕ್ಕೆ ಸರಿಸಿದರು. ಚಾಂಪಿಯನ್ಸ್ ಲೀಗ್‌ನ 2011ರ ವೆಂಬ್ಲಿ ಫೈನಲ್‌ನಲ್ಲೂ 2015ರ ಬರ್ಲಿನ್ ಫೈನಲ್‌ನಲ್ಲೂ ಪೀಕೆ ಪಕ್ಕ ಸ್ಟಾಪರ್ ಇವನೇ, ಎರಡನ್ನೂ 3-1ರಿಂದ ಗೆದ್ದರು. ಅಲ್ಲಿ ಅದು ನಡೆದದ್ದು ಹೇಗೆ?

ಬಾರ್ಸಿಲೋನಾದ ಬ್ಯಾಕ್ ಲೈನ್, ಅಂದರೆ ಡಿಫೆಂಡರ್‌ಗಳ ಸಾಲು, ನಿಲ್ಲುತ್ತಿದ್ದುದು ಮೈದಾನದ ಅರ್ಧಗೆರೆಯ ಹತ್ತಿರ. ಬೆನ್ನ ಹಿಂದೆ 40 ಮೀಟರ್ ಬಯಲು. ಅಲ್ಲಿ ಬೇಕಾದದ್ದು ಎತ್ತರವಲ್ಲ: ಪಾಸ್ ಎಲ್ಲಿ ಬೀಳುತ್ತದೆಂದು ಮೊದಲೇ ಓದುವುದು, ತಿರುಗಿ ಓಡುವುದು, ಒಬ್ಬನೆದುರು ಒಬ್ಬನೇ ನಿಲ್ಲುವುದು. ಅವನು ಅಲ್ಲಿಯವರೆಗೆ ಮಿಡ್‌ಫೀಲ್ಡ್‌ನಲ್ಲಿ ಮಾಡಿದ ಕೆಲಸವೇ ಅದು. ಚೆಂಡು ಬಹುಪಾಲು ಬಾರ್ಸಿಲೋನಾ ಕಾಲಲ್ಲೇ ಇರುತ್ತಿದ್ದರಿಂದ ಅವರ ಬಾಕ್ಸ್‌ಗೆ (ಗೋಲಿನ ಮುಂದಿನ ಪೆನಾಲ್ಟಿ ಚೌಕ) ಕ್ರಾಸ್, ಅಂದರೆ ಅಂಚಿನಿಂದ ಎತ್ತಿ ಹೊಡೆದ ಪಾಸ್, ಬರುವುದು ಕಡಿಮೆ. ಬಂದರೂ ಎತ್ತರದ ಫಾರ್ವರ್ಡ್‌ನನ್ನು ನೋಡಿಕೊಳ್ಳಲು ಪೀಕೆ ಇದ್ದ. ಜಾಗದ ಹೆಸರು ಬದಲಾಯಿತು, ಕೆಲಸ ಅರ್ಧ ಹಳೆಯದೇ ಉಳಿಯಿತು. ಅರ್ಜೆಂಟೀನಾ ಮಾತ್ರ ಅವನನ್ನು ಬಹುಕಾಲ ಮಿಡ್‌ಫೀಲ್ಡ್‌ನಲ್ಲೇ ಇಟ್ಟುಕೊಂಡಿತು ಎನ್ನುವುದನ್ನು ಗಮನಿಸಿ.

ನೀವು ಹಿಂದಕ್ಕೆ ಸರಿದರೆ ಮೊದಲು ಕೈಬಿಡಬೇಕಾದದ್ದು ‘ಬೇಗ ಫೌಲ್ ಮಾಡಿ ಆಟ ನಿಲ್ಲಿಸು’ ಎಂಬ ಮಿಡ್‌ಫೀಲ್ಡರ್ ಅಭ್ಯಾಸ. ಅರ್ಧಗೆರೆಯ ಬಳಿ ಅಂಗಿ ಎಳೆದರೆ ಹೆಚ್ಚೆಂದರೆ ಹಳದಿ; ಕೊನೆಯವನಾಗಿ ಗೋಲಿನ ಅವಕಾಶ ತಪ್ಪಿಸಲು ಎಳೆದರೆ ಕೆಂಪು. ಎರಡನೆಯದು ಆಫ್‌ಸೈಡ್: ಪಾಸ್ ಹೊರಟಾಗ ನಿಮ್ಮ ಡಿಫೆಂಡರ್‌ಗಳ ಸಾಲು ದಾಟಿ ನಿಂತ ಎದುರಾಳಿ ಆ ಚೆಂಡು ಆಡುವಂತಿಲ್ಲ. ಮಿಡ್‌ಫೀಲ್ಡರ್ ತನ್ನವನ ಹಿಂದೆ ಎಲ್ಲಿಗಾದರೂ ಹೋಗಬಹುದು. ಸ್ಟಾಪರ್ ಜೊತೆಗಾರನಿಗಿಂತ ಒಂದು ಹೆಜ್ಜೆ ಹಿಂದೆ ಉಳಿದರೂ ಎದುರಾಳಿ ಆನ್‌ಸೈಡ್ ಆಗುತ್ತಾನೆ. ಜಾಗ ಬದಲಿಸಿದವರು ಮೊದಲ ತಿಂಗಳು ಹೆಚ್ಚಾಗಿ ಗೋಲು ಬಿಟ್ಟುಕೊಡುವುದು ಇದರಲ್ಲೇ, ಯಾಕೆಂದರೆ ಕಣ್ಣು ಚೆಂಡಿನ ಮೇಲೇ ನೆಟ್ಟಿರುತ್ತದೆ.

ಒಬ್ಬನೆದುರು ಒಬ್ಬ ಬಂದಾಗ ಮೈಯನ್ನು ಓರೆ ಮಾಡಿ, ಮಂಡಿ ಬಗ್ಗಿಸಿ, ಒಂದು ಒಂದೂವರೆ ಮೀಟರ್ ಅಂತರದಲ್ಲಿ ಹಿಂದಕ್ಕೆ ಸರಿಯುತ್ತಾ ಅವನನ್ನು ಟಚ್‌ಲೈನ್ (ಮೈದಾನದ ಪಕ್ಕದ ಗೆರೆ) ಕಡೆಗೆ ಇಲ್ಲವೇ ಅವನ ದುರ್ಬಲ ಕಾಲಿನ ಕಡೆಗೆ ತಳ್ಳಿ. ಚೆಂಡು ಅವನ ಕಾಲಿನಿಂದ ಒಂದು ಹೆಜ್ಜೆಗಿಂತ ದೂರ ಹೋದಾಗ ಮಾತ್ರ ಕಾಲು ಹಾಕಿ. ಸ್ಲೈಡಿಂಗ್ ಟ್ಯಾಕಲ್ ಕೊನೆಯ ಅಸ್ತ್ರ, ಅದಕ್ಕೆ ಸರಿಯಾದ ಗಳಿಗೆ ಎಂದರೆ ಹೊಡೆಯಲು ಅವನು ಕಾಲನ್ನು ಹಿಂದಕ್ಕೆ ಎತ್ತಿದಾಗ. ಆಗ ಅವನು ಒಂಟಿ ಕಾಲಲ್ಲಿರುತ್ತಾನೆ, ದಿಕ್ಕು ಬದಲಿಸಲಾರ. 2014ರ ವಿಶ್ವಕಪ್ ಸೆಮಿಫೈನಲ್‌ನ ಕೊನೆಯಲ್ಲಿ ನೆದರ್ಲೆಂಡ್ಸ್‌ನ ರಾಬೆನ್ ಬಾಕ್ಸ್ ಒಳಗೆ ಹೊಡೆಯಲು ಸಜ್ಜಾದಾಗ ಮಸ್ಚೆರಾನೊ ಓಡಿಬಂದು ಜಾರಿ ಕಾಲು ಚಾಚಿದ. ಚೆಂಡು ಅವನಿಗೆ ತಾಗಿ ಕಾರ್ನರ್‌ಗೆ ಹೋಯಿತು. ಆ ತುಣುಕನ್ನು ನಿಧಾನಗತಿಯಲ್ಲಿ ನೋಡಿ. ಅದಕ್ಕಿಂತ ಮುಂಚೆ ಜಾರಿದ್ದರೆ ರಾಬೆನ್ ಇನ್ನೊಂದು ಟಚ್ ತೆಗೆದುಕೊಂಡು ದಾಟಿಬಿಡುತ್ತಿದ್ದ, ತಡವಾಗಿದ್ದರೆ ಪೆನಾಲ್ಟಿ.

ಹೆಡರ್‌ನಲ್ಲಿ ನಿಮಗಿಂತ ಅರ್ಧ ಅಡಿ ಎತ್ತರದವನ ಜೊತೆಗೇ ಜಿಗಿದರೆ ಸೋಲು ಖಚಿತ. ಚೆಂಡು ಬರುವ ಮೊದಲೇ ಅವನಿಗೆ ಮೈ ತಾಗಿಸಿ ನಿಲ್ಲಿ, ಓಡಿಬಂದು ಜಿಗಿಯಲು ಜಾಗ ಕೊಡಬೇಡಿ, ಅವನಿಗಿಂತ ಒಂದು ಕ್ಷಣ ಮುಂಚೆ ನೆಲ ಬಿಡಿ. ಬೆನ್ನಿಗೆ ಕೈ ಇಟ್ಟಿರೋ, ಫೌಲ್. ಅದೂ ಆಗದಿದ್ದರೆ ಎತ್ತರದ ಜೊತೆಗಾರನಿಗೆ ಬಿಟ್ಟು ಅವನ ಹಿಂದೆ ಬೀಳುವ ಚೆಂಡಿಗೆ ಕಾಯಿರಿ.

ಗೋಲು ಹೊಡೆಯುವ ಆಸೆ ಇದ್ದರೆ ಇನ್ನೊಂದು ಲೆಕ್ಕ: ಬಾರ್ಸಿಲೋನಾದಲ್ಲಿ ಮಸ್ಚೆರಾನೊ 334 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು, ಅದೂ 2017ರಲ್ಲಿ ಒಸಾಸುನಾ ವಿರುದ್ಧ 7-1ರ ಪಂದ್ಯದಲ್ಲಿ ಪೆನಾಲ್ಟಿ.

ಹಾಗಾಗಿ ಕೋಚ್‌ಗೆ ಹೂಂ ಅನ್ನುವ ಮೊದಲು ಎರಡು ಮಾತು ಕೇಳಿ. ನಮ್ಮ ಲೈನ್ ಎಲ್ಲಿ ನಿಲ್ಲುತ್ತದೆ, ನನ್ನ ಪಕ್ಕ ಯಾರು? ಲೈನ್ ಮೇಲಿದ್ದು ಪಕ್ಕದಲ್ಲಿ ಆರಡಿಯವನಿದ್ದರೆ ಒಪ್ಪಿಕೊಳ್ಳಿ. ತಂಡ ಬಾಕ್ಸ್‌ನೊಳಗೇ ಕೂತು ಬರುವ ಕ್ರಾಸ್‌ಗಳನ್ನೆಲ್ಲ ತಲೆಯಲ್ಲಿ ಹೊರಹಾಕುವುದಾದರೆ ನಿಮ್ಮ ಜಾಗ ಮಿಡ್‌ಫೀಲ್ಡ್‌ನಲ್ಲೇ. ಅಂಥ ತಂಡದಲ್ಲಿ ಮಸ್ಚೆರಾನೊನನ್ನೂ ನಾನು ಸ್ಟಾಪರ್ ಆಡಿಸುತ್ತಿರಲಿಲ್ಲ.