ಕಚೇರಿ ಅಂಗಳದಲ್ಲಿ ಚಾರ್ಜಿಂಗ್ ಪಾಯಿಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿ. ಹನ್ನೊಂದು ಮಂದಿಯ ಬಳಿ ಎಲೆಕ್ಟ್ರಿಕ್ ಸ್ಕೂಟರ್, ಇಬ್ಬರ ಬಳಿ ಕಾರು ಇದೆ. ಫಾಸ್ಟ್ ಚಾರ್ಜರ್ ಹಾಕಿಸಬೇಕೆಂದು ಕೆಲವರ ಒತ್ತಾಯ. ಕಟ್ಟಡದ ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಬಹುದಾದ ವಿದ್ಯುತ್) 20 ಕಿಲೋವ್ಯಾಟ್. ಏನು ಮಾಡುವುದು?
— ಹಾಸನ ಜಿಲ್ಲೆಯ ನೌಕರರು

ಉತ್ತರ: ಫಾಸ್ಟ್ ಚಾರ್ಜರ್ ಬೇಡ. ದಾರಿಯಲ್ಲಿ ಹೋಗುವವನಿಗೆ ಅವಸರ, ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆವರೆಗೂ ಇರುವವನಿಗೆ ಯಾವ ಅವಸರ? 30 ಕಿಲೋವ್ಯಾಟ್‌ನ ಒಂದು ಡಿಸಿ ಫಾಸ್ಟ್ ಚಾರ್ಜರ್ ನಿಮ್ಮ ಇಡೀ ಕಚೇರಿಯ ಲೋಡ್‌ಗಿಂತ ದೊಡ್ಡದು. ಅದರ ಸಿಸಿಎಸ್-2 ಗನ್ (ವಾಹನಕ್ಕೆ ಚುಚ್ಚುವ ಕೇಬಲ್ ತುದಿ) ಕಾರಿಗಷ್ಟೇ ಹೊಂದುತ್ತದೆ, ಹನ್ನೊಂದು ಸ್ಕೂಟರ್‌ಗಳಿಗೆ ಉಪಯೋಗವಿಲ್ಲ.

ಲೆಕ್ಕ ಹೀಗೆ ಹಾಕಿ. ದಿನಕ್ಕೆ 30 ಕಿ.ಮೀ. ಓಡುವ ಸ್ಕೂಟರ್‌ಗೆ ಸುಮಾರು ಒಂದು ಯೂನಿಟ್ ಬೇಕು. ಅದರ ಚಾರ್ಜರ್ ಮುಕ್ಕಾಲು ಕಿಲೋವ್ಯಾಟ್ ಎಳೆದರೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಅಷ್ಟೇ ದೂರಕ್ಕೆ ಕಾರಿಗೆ ನಾಲ್ಕರಿಂದ ನಾಲ್ಕೂವರೆ ಯೂನಿಟ್. 16 ಆಂಪಿಯರ್‌ನ 3.3 ಕಿಲೋವ್ಯಾಟ್ ಪಾಯಿಂಟಿನಲ್ಲಿ ಅದೂ ಒಂದೂವರೆ ಗಂಟೆಯ ಕೆಲಸವೇ. ಹಾಗಾಗಿ ಹನ್ನೊಂದು ಸ್ಕೂಟರಿಗೆ ಹನ್ನೊಂದು ಪಾಯಿಂಟ್ ಬೇಕಿಲ್ಲ. ಆರು ಹಾಕಿಸಿ, ಬೆಳಿಗ್ಗೆ ಆರು ಮಂದಿ, ಊಟದ ಬಿಡುವಿನ ನಂತರ ಐವರು ಎಂದು ಪಾಳಿ ಮಾಡಿಕೊಳ್ಳಿ. ಕಾರಿಗೆ ಎರಡು. ಒಟ್ಟು 4.5 ಮತ್ತು 6.6 ಸೇರಿ ಸುಮಾರು 11 ಕಿಲೋವ್ಯಾಟ್.

ಇನ್ನು 20 ಕಿಲೋವ್ಯಾಟ್‌ನಲ್ಲಿ ಎಷ್ಟು ಉಳಿದಿದೆ ಎಂಬುದು. ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆಯನ್ನು ನೋಡಿ. ಅದೂ ಏಪ್ರಿಲ್, ಮೇ ತಿಂಗಳದ್ದು. ಡಿಸೆಂಬರ್ ಬಿಲ್ ನೋಡಿ ಲೆಕ್ಕ ಹಾಕಿದವರಿಗೆ ಬೇಸಿಗೆಯಲ್ಲಿ ಫ್ಯಾನು, ಎ.ಸಿ. ಜೊತೆ ಸೇರಿದಾಗ ಮೇನ್ ಟ್ರಿಪ್ ಆಗುತ್ತದೆ. ಬೇಸಿಗೆಯ ಬೇಡಿಕೆಗೆ 11 ಕೂಡಿಸಿದ್ದು 20 ದಾಟಿದರೆ ಹೆಚ್ಚುವರಿ ಲೋಡ್ ಅಥವಾ ಪ್ರತ್ಯೇಕ ಸಂಪರ್ಕ ಬೇಕು.

ಮೂರು ಫೇಸ್‌ಗೂ ಲೋಡ್ ಹಂಚಿ: ಒಂದೊಂದಕ್ಕೆ ಎರಡೆರಡು ಸ್ಕೂಟರ್ ಪಾಯಿಂಟ್, ಕಾರುಗಳು ಬೇರೆ ಬೇರೆ ಫೇಸ್‌ಗೆ. ಎ.ಸಿ. ಮತ್ತು ಜೆರಾಕ್ಸ್ ಯಂತ್ರ ಇರುವ ಫೇಸ್‌ಗೆ ಕಾರು ಬೇಡ.

ಪ್ರಶ್ನೆ: ಅರ್ಜಿ ಯಾರಿಗೆ? ಸಬ್ಸಿಡಿ ಸಿಗುತ್ತದೆಯೇ?
— ಕಚೇರಿ ವ್ಯವಸ್ಥಾಪಕರು, ತುಮಕೂರು

ಉತ್ತರ: ಕಟ್ಟಡ ಲೋಕೋಪಯೋಗಿ ಇಲಾಖೆಯದ್ದಾದರೆ ಕಚೇರಿ ಮುಖ್ಯಸ್ಥರ ಪತ್ರ ಅದರ ವಿದ್ಯುತ್ ಉಪವಿಭಾಗಕ್ಕೆ ಹೋಗಲಿ, ಅಂದಾಜು ಪಟ್ಟಿ ಅವರೇ ಮಾಡಲಿ. ಬಾಡಿಗೆ ಕಟ್ಟಡವಾದರೆ ಮೊದಲು ಮಾಲೀಕರ ಒಪ್ಪಿಗೆ ಪತ್ರ. ಖರೀದಿ ಪಾರದರ್ಶಕ ಕಾಯ್ದೆಯ ನಿಯಮದಂತೆ ನಡೆಯಬೇಕು, ಕೆಲಸ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಆಗಬೇಕು.

ಅಂದಾಜು ಪಟ್ಟಿ ಬಂದಾಗ ಕಣ್ಣಿಟ್ಟು ಓದಿ. ಚಾರ್ಜರ್ ಬೆಲೆ ಇರುತ್ತದೆ. ಕೇಬಲ್ ಕಂದಕ, ಅರ್ಥ್ ಪಿಟ್ (ಅರ್ಥಿಂಗ್ ಗುಂಡಿ), ಮೇಲಿನ ಶೀಟು, ಎರಡು ವರ್ಷದ ನಿರ್ವಹಣೆ ಇರುವುದಿಲ್ಲ. ಬಿಟ್ಟುಹೋದದ್ದಕ್ಕೆ ಆಮೇಲೆ ಪೂರಕ ಅಂದಾಜು ಎಂದು ಓಡಾಡುವಷ್ಟರಲ್ಲಿ ಹಣಕಾಸು ವರ್ಷವೇ ಮುಗಿದಿರುತ್ತದೆ.

ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯಲ್ಲಿ (ಎಸ್ಕಾಂ) ಹೊಸ ಆರ್.ಆರ್. ಸಂಖ್ಯೆಯ ಪ್ರತ್ಯೇಕ ಸಂಪರ್ಕ ಕೇಳುವುದು ಒಳ್ಳೆಯದು. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯುವ ಅವಕಾಶವನ್ನು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿ ಕೊಟ್ಟಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲೂ ಚಾರ್ಜಿಂಗ್‌ಗೆ ಬೇರೆಯೇ ವರ್ಗವಿದೆ.

ಸಬ್ಸಿಡಿ ವಿಷಯ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲು. ಸರ್ಕಾರಿ ಆವರಣಗಳಿಗೆ ಪೂರ್ಣ ನೆರವು ಉಂಟು, ಆದರೆ ಸಾರ್ವಜನಿಕರೂ ಬಳಸುವಂತಿರಬೇಕು. ಸಂಜೆ ಆರಕ್ಕೆ ಗೇಟಿಗೆ ಬೀಗ ಬೀಳುವ ಕಚೇರಿಯ ಒಳಗೆ ಇದು ಆಗದ ಮಾತು. ರಸ್ತೆ ಬದಿಯ ಕಾಂಪೌಂಡ್‌ನಲ್ಲಿ ಜಾಗ ಇದ್ದರೆ ಮಾತ್ರ ಯೋಚಿಸಿ. ರಾಜ್ಯದ ನೋಡಲ್ ಸಂಸ್ಥೆ ಬೆಸ್ಕಾಂ.

ಪ್ರಶ್ನೆ: ಪಾಯಿಂಟ್ ಹಾಕಿಸಿದ್ದಾಯಿತು. ನಾಲ್ಕೈದು ವಾಹನ ಸೇರಿದೊಡನೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಒಂದು ಕಾರಿನಲ್ಲಿ 'ಅರ್ಥ್ ಇಲ್ಲ' ಎಂದು ಬರುತ್ತದೆ. ಎಲೆಕ್ಟ್ರಿಷಿಯನ್ ಸಾಕೆಟ್ ಒಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ತಂತಿ ಸೇರಿಸಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ.
— ಗ್ರಂಥಾಲಯ ಸಿಬ್ಬಂದಿ, ಧಾರವಾಡ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ಖಂಡಿತ ಬಿಡಬೇಡಿ. ಹಾಗೆ ಸೇರಿಸಿದರೆ ಕಾರು ಮೋಸಹೋಗಿ ಚಾರ್ಜ್ ಆಗಲು ಶುರುಮಾಡಬಹುದು. ಆದರೆ ಎಂದಾದರೂ ಸಾಕೆಟ್‌ಗೆ ಬರುವ ಲೈನಿನಲ್ಲಿ ನ್ಯೂಟ್ರಲ್ ಕಳಚಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರ ಗತಿ?

ಅರ್ಥ್ ದೋಷ ಎಲ್ಲಿದೆಯೆಂದು ಹುಡುಕಿಸಿ. ಹಳೆಯ ಕಟ್ಟಡಗಳಲ್ಲಿ ಸಾಕೆಟ್‌ನ ಮೂರನೇ ತೂತಿಗೆ ಹಸಿರು ತಂತಿ ಇರುತ್ತದೆ, ಅದು ಬೋರ್ಡಿನಾಚೆ ಎಲ್ಲೂ ತಲುಪಿರುವುದಿಲ್ಲ. ಪಾರ್ಕಿಂಗ್ ಪಕ್ಕದಲ್ಲೇ ಹೊಸ ಅರ್ಥ್ ಪಿಟ್ ಹಾಕಿಸಿ, ಕಟ್ಟಡದ ಅರ್ಥ್‌ಗೂ ಜೋಡಿಸಿ, ಅರ್ಥ್ ಟೆಸ್ಟರ್‌ನಲ್ಲಿ ಅಳೆದ ಓಮ್ ಬರೆಸಿಕೊಳ್ಳಿ.

ಟ್ರಿಪ್ ಆಗುವುದಕ್ಕೆ ಕಾರಣ ಹೆಚ್ಚಾಗಿ ಒಂದೇ ಆರ್‌ಸಿಸಿಬಿ ಕೆಳಗೆ ಎಲ್ಲ ಸಾಕೆಟ್ ಕಟ್ಟಿರುವುದು. ಪ್ರತಿ ಚಾರ್ಜರಿನ ಫಿಲ್ಟರ್‌ನಿಂದ ಒಂದಿಷ್ಟು ಮಿಲಿಆಂಪಿಯರ್ ಅರ್ಥ್‌ಗೆ ಸೋರುವುದು ಸಹಜ. ಐದಾರು ಕೂಡಿದರೆ ಆರ್‌ಸಿಸಿಬಿಯ 30 ಮಿಲಿಆಂಪಿಯರ್ ಮಿತಿಯ ಹತ್ತಿರ ಬರುತ್ತದೆ. 100 ಮಿಲಿಆಂಪಿಯರ್‌ನದು ಹಾಕಿದರೆ ಟ್ರಿಪ್ ನಿಲ್ಲಬಹುದು, ಜೀವರಕ್ಷಣೆಯೂ ನಿಲ್ಲುತ್ತದೆ. ಪ್ರತಿ ಪಾಯಿಂಟಿಗೂ ಪ್ರತ್ಯೇಕವಾಗಿ 30 ಮಿಲಿಆಂಪಿಯರ್‌ನ ಆರ್‌ಸಿಬಿಒ ಹಾಕಿಸಿ. ಸೋರಿಕೆಯ ಜೊತೆಗೆ ಓವರ್‌ಲೋಡನ್ನೂ ಅದೇ ತಡೆಯುತ್ತದೆ.

ಅದು 'ಎ' ದರ್ಜೆಯದ್ದೇ ಆಗಿರಲಿ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೂ ಇದನ್ನೇ ಕೇಳುತ್ತದೆ. ಅಂಗಡಿಯವರು ಅಗ್ಗವೆಂದು ಕೊಡುವುದು 'ಎಸಿ' ದರ್ಜೆ. ಡಿಸಿ ಅಂಶ ಬೆರೆತ ಸೋರಿಕೆಯನ್ನು ಅದು ಸರಿಯಾಗಿ ಗುರುತಿಸದು. ಮೈಮೇಲಿನ ಗುರುತು ನೋಡಿ: ಬರೀ ಒಂದು ಅಲೆ ಇದ್ದರೆ 'ಎಸಿ', ಅಲೆಯ ಕೆಳಗೆ ಅರ್ಧ ಅಲೆಗಳ ಸಾಲು ಇದ್ದರೆ 'ಎ'.

ಕೇಬಲ್ ದಪ್ಪವನ್ನೂ ಪರೀಕ್ಷಿಸಿ. 40 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರ ಎಳೆದಿದ್ದರೆ 16 ಆಂಪಿಯರ್‌ನಲ್ಲಿ 9ರಿಂದ 10 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 4 ಚದರ ಮಿ.ಮೀ. ಆದರೆ ಸುಮಾರು 6. ಮುಂದೆ 7.4 ಕಿಲೋವ್ಯಾಟ್ ಹಾಕುವ ಯೋಚನೆಯಿದ್ದರೆ ಈಗಲೇ 10 ಚದರ ಮಿ.ಮೀ. ಕೇಬಲ್ ಎಳೆಸಿ. ಕಂದಕ ಎರಡು ಸಲ ತೋಡುವುದು ಯಾಕೆ? ಕಾರಿಗೆ ಗೋಡೆಯ ಸಾಧಾರಣ ಸಾಕೆಟ್ ಬೇಡ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಮನೆಯ ಸಾಕೆಟ್ ಗಂಟೆಗಟ್ಟಲೆ 15 ಆಂಪಿಯರ್ ಎಳೆದರೆ ಒಳಗಿನ ಹಿಡಿತ ಸಡಿಲವಾಗಿ ಕಪ್ಪಾಗುತ್ತದೆ.

ಪ್ರಶ್ನೆ: ಸರ್ಕಾರಿ ಕರೆಂಟಿನಲ್ಲಿ ಸ್ವಂತ ಗಾಡಿ ಚಾರ್ಜ್ ಮಾಡಿದರೆ ಆಡಿಟ್ ಆಕ್ಷೇಪಣೆ ಬರುವುದಿಲ್ಲವೇ?
— ಪ್ರಥಮ ದರ್ಜೆ ಸಹಾಯಕರು, ಮೈಸೂರು

ಉತ್ತರ: ದುಡ್ಡು ಕಟ್ಟದಿದ್ದರೆ ಬಂದೇ ಬರುತ್ತದೆ. ಹಣ ಪಡೆದು ಚಾರ್ಜ್ ಮಾಡಿಸಲು ಲೈಸೆನ್ಸ್ ಬೇಕಿಲ್ಲ, ಇದು ವಿದ್ಯುತ್ ಮಾರಾಟವಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಕಚೇರಿ ಮುಖ್ಯಸ್ಥರ ಲಿಖಿತ ಆದೇಶ ಇರಬೇಕು: ಯೂನಿಟ್ ದರ ಎಷ್ಟು, ರೀಡಿಂಗ್ ಯಾರು ಬರೆಯಬೇಕು, ಹಣ ಯಾವ ಲೆಕ್ಕಶೀರ್ಷಿಕೆಗೆ ಹೋಗಬೇಕು. ಹಣ ಖಜಾನೆ-2ರ (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ಚಲನ್ ಮೂಲಕ ಜಮೆಯಾಗಲಿ, ಯಾರ ಮೇಜಿನ ಡ್ರಾಯರ್‌ನಲ್ಲೂ ಉಳಿಯದಿರಲಿ.

ಎಲ್ಲರಿಗೂ ತಿಂಗಳಿಗೆ ಇಷ್ಟು ಎಂದು ಸಮನಾಗಿ ಹಾಕಬೇಡಿ. 22 ಕೆಲಸದ ದಿನಕ್ಕೆ ಸ್ಕೂಟರ್ 22 ಯೂನಿಟ್, ಕಾರು ಸುಮಾರು 100 ಯೂನಿಟ್ ತೆಗೆದುಕೊಳ್ಳುತ್ತದೆ. ಜಗಳಕ್ಕೆ ಇಷ್ಟು ಸಾಕು. ಕಾರಿನ ಪಾಯಿಂಟಿಗೆ ಒಂದೊಂದು ಸಬ್ ಮೀಟರ್, ಸ್ಕೂಟರ್‌ಗಳಿಗೆ ಒಟ್ಟಿಗೆ ಒಂದು ಮತ್ತು ಯಾರು ಯಾವ ದಿನ ಚಾರ್ಜ್ ಮಾಡಿದರೆಂಬ ಹಾಜರಿ ವಹಿ.

ಪ್ರಶ್ನೆ: ಸದ್ಯಕ್ಕೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಳ್ಳಬಹುದೇ?
— ಶಿವಮೊಗ್ಗ

ಉತ್ತರ: ಬೇಡ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ನಿಷೇಧವಿದೆ. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿ, ನಿಲ್ಲಿಸಿದ ವಾಹನದಿಂದ 5 ಮೀಟರ್ ಒಳಗೆ ಇರಬೇಕು. ನಿಮ್ಮ ಮಳೆಗೆ ಮೇಲೆ ಶೀಟು ಬೇಕೇ ಬೇಕು. ಮೆಟ್ಟಿಲ ಕೆಳಗೆ, ರೆಕಾರ್ಡ್ ರೂಮಿನ ಗೋಡೆಗೆ ತಾಗಿ ಜಾಗ ಆರಿಸಬೇಡಿ. ಕಚೇರಿಗೆ ಜನರೇಟರ್ ಇದ್ದರೆ ಚಾರ್ಜಿಂಗ್ ಲೈನನ್ನು ಚೇಂಜ್‌ಓವರ್ ಸ್ವಿಚ್‌ಗೆ (ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ಮುಂಚೆಯೇ ಮೇನ್‌ನಿಂದ ಕವಲು ತೆಗೆಸಿ. ಇಲ್ಲವಾದರೆ ಕರೆಂಟ್ ಹೋದಾಗ ಸ್ಕೂಟರ್‌ಗಳು ಡೀಸೆಲ್ ಕುಡಿಯುತ್ತವೆ.