ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಎಂಟು ವರ್ಷ. ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಅದರಲ್ಲೇ ಇದೆ. ಮಳೆಗಾಲ ಶುರುವಾದ ಮೇಲೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’. ನಾಲ್ಕೈದು ಸಲ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಶುರುವಾಗುತ್ತದೆ. ಆಗ ತಾರೀಖು 2017ಕ್ಕೆ ಹೋಗಿರುತ್ತದೆ, ಬ್ಯಾಂಕಿನ ವೆಬ್‌ಸೈಟ್ ತೆರೆಯುವುದಿಲ್ಲ. ಅಂಗಡಿಯವರು ನೋಡಿ, ‘ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ’ ಎಂದರು. ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಂ ಎನ್ನುತ್ತದೆ. ನಮ್ಮ ಲೆಕ್ಕವೆಲ್ಲ ಹೋಗಿಬಿಡುತ್ತಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಲೆಕ್ಕದ ವಿಚಾರ. ಅದು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ನೀವು ಹೇಳಿದ ಯಾವ ಲಕ್ಷಣವೂ ಡಿಸ್ಕ್ ಕೆಟ್ಟಿದೆ ಎನ್ನುವುದಿಲ್ಲ. ಬೋರ್ಡ್ ನಿಜಕ್ಕೂ ಸತ್ತರೂ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಫೈಲ್ ತೆಗೆದುಕೊಳ್ಳಬಹುದು. ಆದರೆ ಮುಂದಿನ ಸಲ ಕಂಪ್ಯೂಟರ್ ಶುರುವಾದ ಕೂಡಲೇ ಬೇರೇನೂ ಮಾಡದೆ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಇನ್ನು ‘ಬೋರ್ಡ್ ಹೋಗಿದೆ’ ಎಂಬ ಮಾತು. ಸತ್ತ ಬೋರ್ಡ್ ಐದನೇ ಸಲಕ್ಕೆ ಎದ್ದು ಕೂರುವುದಿಲ್ಲ, ಅಲ್ವಾ? ಒಮ್ಮೊಮ್ಮೆ ಶುರುವಾಗುತ್ತದೆ ಎಂದರೆ ಎಲ್ಲೋ ಒಂದು ಕಡೆ ಹಿಡಿತ ಸಡಿಲವಾಗಿದೆ. ನನ್ನ ಅನುಮಾನ ಬೋರ್ಡ್‌ಗೆ ಚುಚ್ಚಿರುವ ಉದ್ದನೆಯ ಮೆಮೊರಿ ತುಂಡು, ಅಂದರೆ ರ‍್ಯಾಮ್ ಮೇಲೆ. ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಆ ಮಳೆಯ ಶೀತಕ್ಕೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ರ‍್ಯಾಮ್‌ನ ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳ್ಳಗೆ ಕೊಳೆ ಕೂತರೂ ಸಾಕು, ಬೋರ್ಡ್‌ಗೆ ರ‍್ಯಾಮ್ ಕಾಣುವುದಿಲ್ಲ. ರ‍್ಯಾಮ್ ಕಾಣದಿದ್ದರೆ ಪರದೆಗೆ ಚಿತ್ರವೇ ಬರುವುದಿಲ್ಲ. ಫ್ಯಾನ್‌ಗೆ ಇದೆಲ್ಲ ಬೇಕಿಲ್ಲ. ಕರೆಂಟ್ ಸಿಕ್ಕರೆ ಅದರ ಪಾಡಿಗೆ ಅದು ತಿರುಗುತ್ತದೆ.

ಸರಿ, ಬಿಚ್ಚೋಣ. ಗೋಡೆಯ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಪಕ್ಕದ ಬಾಗಿಲು ತೆಗೆದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್‌ಗೆ ಕೈ ಹಾಕಿ. ತುದಿಯ ಕ್ಲಿಪ್ ಸರಿಸಿದರೆ ಅದು ತಾನೇ ಮೇಲೆ ಬರುತ್ತದೆ. ಮಕ್ಕಳ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಆ ಪಟ್ಟಿಗಳನ್ನು ಎರಡೂ ಬದಿ ಮೆಲ್ಲಗೆ ಉಜ್ಜಿ. ಮರಳು ಕಾಗದ ಬೇಡವೇ ಬೇಡ. ರಬ್ಬರ್ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದುವುದು ನಮ್ಮೆಲ್ಲರ ಚಟ, ಆದರೆ ಉಸಿರಿನಲ್ಲೂ ತೇವ ಇರುತ್ತದೆ. ವಾಪಸ್ ಕೂರಿಸುವಾಗ ‘ಟಕ್’ ಎಂದು ಕ್ಲಿಪ್ ಬೀಳುವವರೆಗೂ ಒತ್ತಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಆದರೂ ಬರಲಿಲ್ಲವಾ? ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ವೈರ್ ಕಿತ್ತು, ಎಲ್ಲ ರ‍್ಯಾಮ್ ತೆಗೆದಿಟ್ಟು, ವೈರ್ ಮತ್ತೆ ಹಾಕಿ ಖಾಲಿ ಬೋರ್ಡ್ ಆನ್ ಮಾಡಿ. ಇದರಿಂದ ಏನೂ ಹಾಳಾಗುವುದಿಲ್ಲ. ಬೀಪ್ ಬೀಪ್ ಎಂದು ಕೂಗಿದರೆ ಖುಷಿಪಡಿ. ‘ರ‍್ಯಾಮ್ ಎಲ್ಲಿ?’ ಎಂದು ಬೋರ್ಡ್ ಕೇಳುತ್ತಿದೆ. ಅಷ್ಟು ಕೇಳಬೇಕಾದರೆ ಬೋರ್ಡ್‌ಗೂ ಪ್ರೊಸೆಸರ್‌ಗೂ ಜೀವ ಇರಲೇಬೇಕು. ಒಂದು ಮಾತು: ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಕೂಗುವ ಸ್ಪೀಕರೇ ಇರುವುದಿಲ್ಲ. ಬೋರ್ಡ್‌ಗೆ ಚುಚ್ಚುವ ಪುಟ್ಟ ಸ್ಪೀಕರ್ ಬೇರೆಯಾಗಿ ಸಿಗುತ್ತದೆ. ಅದಿಲ್ಲದೆ ‘ಕೂಗಲಿಲ್ಲ, ಸತ್ತಿದೆ’ ಎಂದುಕೊಳ್ಳಬೇಡಿ.

ಸದ್ದೇ ಇಲ್ಲದಿದ್ದರೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬಿ, ನೋಡಬೇಕು. ಎಂಟು ವರ್ಷ ಅದಕ್ಕೆ ಚಿಕ್ಕ ವಯಸ್ಸಲ್ಲ. ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ಕರೆಂಟ್ ಸರಿಯಾಗಿ ಬರುತ್ತಿದೆ ಎಂದಲ್ಲ. ಮಲ್ಟಿಮೀಟರ್ ಹಿಡಿದು ಗೊತ್ತಿರುವವರು ಆನ್ ಇರುವಾಗಲೇ ಅಳೆಯಲಿ. ಹಳದಿ ವೈರ್‌ನಲ್ಲಿ 12 ವೋಲ್ಟ್ ಇರಬೇಕು, 11.4ಕ್ಕಿಂತ ಕೆಳಗೆ ಇಳಿಯಬಾರದು. ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3. ಎಲ್ಲ ವೈರ್ ಕಪ್ಪಾಗಿದ್ದರೆ ಪರಿಚಯದವರ ಎಸ್‌ಎಂಪಿಎಸ್ ಒಂದು ಗಂಟೆ ಎರವಲು ತಂದು ಹಾಕಿ ನೋಡುವುದೇ ಸುಲಭ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತಲೂ ಹೆಚ್ಚು ಕರೆಂಟ್ ಕೂತಿರಬಹುದು.

ತಾರೀಖಿನದು ಬೇರೆ ರೋಗ, ಮದ್ದು ಅಗ್ಗ. ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇದೆ, ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ನಂಬರ್. 3 ವೋಲ್ಟ್‌ನ ಸೆಲ್. ಗೋಡೆಯ ಸ್ವಿಚ್ ಆಫ್ ಮಾಡಿದ ಮೇಲೆ ಗಡಿಯಾರ ನಡೆಯುವುದು ಇದರಿಂದಲೇ. ನಾವು ರಾತ್ರಿ ಎಲ್ಲ ಸ್ವಿಚ್ ಆಫ್ ಮಾಡಿ ಮಲಗುವವರು, ಹಾಗಾಗಿ ಇದು ಬೇಗ ಸೊರಗುತ್ತದೆ. ಬ್ಯಾಂಕಿನ ವೆಬ್‌ಸೈಟ್ ಮುನಿಸಿಕೊಳ್ಳುವುದೂ ಇದಕ್ಕೇ. ಅದರ ಭದ್ರತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಗಡಿಯಾರ 2017 ಎಂದರೆ ಆ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಲೆಕ್ಕ.

ಸೆಲ್ ಬದಲಿಸಿದಾಗ ಒಂದು ಎಡವಟ್ಟು ಆಗಬಹುದು. ಬೋರ್ಡ್‌ನ ಸೆಟ್ಟಿಂಗ್‌ಗಳೆಲ್ಲ ಕಾರ್ಖಾನೆಯಿಂದ ಬಂದಾಗ ಹೇಗಿದ್ದವೋ ಹಾಗೆ ಆಗುತ್ತವೆ. ನಿಮ್ಮ ವಿಂಡೋಸ್ ಹಾಕಿದ್ದು ‘ಲೆಗಸಿ’ ಎಂಬ ಹಳೆಯ ಬೂಟ್ (ಶುರುವಾಗುವ) ವಿಧಾನದಲ್ಲಿ, ಬೋರ್ಡ್ ಮರಳಿದ್ದು ‘ಯುಇಎಫ್‌ಐ’ ಎಂಬ ಹೊಸ ವಿಧಾನಕ್ಕೆ ಎಂದರೆ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ ಬರುತ್ತದೆ. ಡಿಸ್ಕ್ ಅಲ್ಲೇ ಇರುತ್ತದೆ. ಬೋರ್ಡ್‌ನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಬೂಟ್ ಮೋಡ್ ಬದಲಿಸಿ ನೋಡಿ, ಹಾಗೇ ತಾರೀಖೂ ಸರಿಮಾಡಿ. ಈ ಸಂದೇಶ ತೋರಿಸಿ ಯಾರಾದರೂ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ ಒಪ್ಪಬೇಡಿ. ನಿಮ್ಮ ಲೆಕ್ಕ ಹೋಗುವುದು ಅಲ್ಲಿ.

ಆ ‘ಜುಂ’ ಬಗ್ಗೆ ಕೊನೆಗೆ ಬರೆಯುತ್ತಿದ್ದೇನೆ, ನೀವು ಮಾತ್ರ ಅದನ್ನೇ ಮೊದಲು ಸರಿಮಾಡಿಸಿ. ಪ್ಲಗ್‌ಗೆ ಮೂರು ಪಿನ್ ಇದ್ದರೂ ಗೋಡೆಯ ಸಾಕೆಟ್‌ಗೆ ಅರ್ಥಿಂಗ್ ಬಂದಿಲ್ಲ ಎಂದು ಕಾಣುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಜಿನುಗುವ ಸ್ವಲ್ಪ ಕರೆಂಟ್ ಭೂಮಿಗೆ ಇಳಿಯಲು ದಾರಿ ಇಲ್ಲದೆ ಕ್ಯಾಬಿನೆಟ್‌ನಲ್ಲೇ ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಬರೀ ಜುಂ. ಆದರೆ ಎಲ್ಲಾದರೂ ವೈರ್ ಸುಲಿದು ಕ್ಯಾಬಿನೆಟ್‌ಗೆ ತಾಗಿದರೆ ಆ ಕರೆಂಟ್‌ಗೂ ಬೇರೆ ದಾರಿ ಇರುವುದಿಲ್ಲ, ನಿಮ್ಮ ಮೈ ಒಂದನ್ನು ಬಿಟ್ಟು. ಫೇಸ್‌ಗೂ ಅರ್ಥ್‌ಗೂ ನಡುವೆ 230 ವೋಲ್ಟ್ ಆಸುಪಾಸು ಬರುತ್ತದಾ ಎಂದು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಅಲ್ಲಿಯವರೆಗೆ ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಬೇಡಿ.