ಬಾಂಡ್‌ಗೆ ಹೆಂಗಸರು ಮರುಳಾಗೋದು ಯಾಕೆ? ಕಥೆ ಬರೆದವರನ್ನು ಕೇಳಿ

ಥ್ರಿಲ್ಲರ್ ಚಿತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆ. ಬಂದವುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಬೇರೆ ಬೇರೆ ವೇಷದಲ್ಲಿ: 007 ನಂಬರಿನ ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡ್‌ಗೆ ಹೆಂಗಸರು ಮರುಳಾಗೋದು ಯಾಕೆ? ಹಾಗಾಗಿ ಜಾಗವೆಲ್ಲ ಅದಕ್ಕೇ. ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಾನರಿ, ಮೂರ್, ಕ್ರೇಗ್. ಇವರಲ್ಲಿ ಅಸಲಿ ಬಾಂಡ್ ಯಾರು?

ನೀವು ಹೈಸ್ಕೂಲಿನಲ್ಲಿದ್ದಾಗ ಯಾರ ಚಿತ್ರ ಬಂತೋ ಅವರು. ಮುಂದಿನ ಪ್ರಶ್ನೆ.

ಪ್ರಶ್ನೆ: ಹಳೆಯ 'ಗೋಲ್ಡ್‌ಫಿಂಗರ್' ಈಚೆಗೆ ನೋಡಿದೆ. ಬಾಂಡ್ ತಣ್ಣಗೆ ಕೊಲ್ಲುತ್ತಾನೆ. ಗಂಡಸರ ಮಾತು ನಡೀತಿದೆ ಅಂತ ಹುಡುಗಿಯ ಹಿಂಭಾಗಕ್ಕೆ ತಟ್ಟಿ ಆಚೆ ಕಳಿಸುತ್ತಾನೆ. ಆದರೂ ಎಲ್ಲ ಹೆಂಗಸರೂ ಅವನಿಗೇ ಸೋಲುತ್ತಾರೆ. ನಿಜಕ್ಕೂ ಹೆಣ್ಣುಮಕ್ಕಳಿಗೆ ಇಂಥವರೇ ಇಷ್ಟಾನಾ? (ಓದುಗರೊಬ್ಬರು, ಹಾಸನ)

ಕೊನೆಯ ಸಾಲನ್ನು ಮೊದಲು ಮುಗಿಸುತ್ತೇನೆ. ಸಿನಿಮಾದಲ್ಲಿ ಒಬ್ಬ ಹೆಂಗಸು ಸೋತಳು ಅಂದರೆ, ಕಥೆ ಬರೆದವರಿಗೆ ಅವಳು ಸೋಲಬೇಕಿತ್ತು. ಅಷ್ಟೇ. ಹೆಣ್ಣಿನ ಮನಸ್ಸಿಗೆ ಅದು ಸಾಕ್ಷಿ ಅಲ್ಲ. ಅದೇ ಚಿತ್ರದಲ್ಲಿ ಬಾಂಡ್ ಕಾರಿನ ಸೀಟು ಪಕ್ಕದಲ್ಲಿ ಕೂತವನ ಸಮೇತ ಚಾವಣಿಯಿಂದ ಆಚೆ ಹಾರುತ್ತದೆ. ಎಲ್ಲ ಕಾರಿನಲ್ಲೂ ಹಾಗಿರುತ್ತಾ ಅಂತ ಯಾರೂ ನನಗೆ ಬರೆದಿಲ್ಲ.

ಹಾಗಾದರೆ ಅವರಿಗೆ ಯಾಕೆ ಬೇಕಿತ್ತು? 1964ರ ಆ ಚಿತ್ರದಲ್ಲಿ ಬಾಂಡ್ ಮಾಡುವ ಕೆಲಸವನ್ನೇ ಲೆಕ್ಕ ಹಾಕಿ. ಎರಡನೇ ಅರ್ಧದಲ್ಲಿ ಬಹುಪಾಲು ಅವನು ಖಳನ ಕೈಯಲ್ಲಿ ಬಂದಿ. ಅಮೆರಿಕದ ಚಿನ್ನ ಇರುವ ಫೋರ್ಟ್ ನಾಕ್ಸ್ ಮೇಲೆ ವಿಷದ ಗ್ಯಾಸ್ ಸಿಂಪಡಿಸುತ್ತಾರೆ ಅಂತ ಗೊತ್ತಾಗುತ್ತದೆ. ಚೀಟಿ ಬರೆದು, ಸಿಗ್ನಲ್ ಕಳಿಸುವ ಯಂತ್ರದ ಜೊತೆ ಒಬ್ಬನ ಜೇಬಿಗೆ ಸೇರಿಸುತ್ತಾನೆ. ಖಳನ ಕಡೆಯವರು ಆ ಮನುಷ್ಯನನ್ನು ಕೊಂದು, ಕಾರಿನ ಸಮೇತ ಜಜ್ಜಿಸಿಬಿಡುತ್ತಾರೆ. ಚೀಟಿಯೂ ಹೋಯಿತು. ಖಳನ ಬಂಟ ಆಡ್‌ಜಾಬ್‌ನನ್ನು ಬಾಂಡ್ ಕೊಲ್ಲುತ್ತಾನೆ, ನಿಜ. ಆದರೆ ಫೋರ್ಟ್ ನಾಕ್ಸ್ ಒಳಗೆ ಖಳ ಇಟ್ಟ ಬಾಂಬು ನಿಲ್ಲಿಸುವುದೂ ಅವನಲ್ಲ. ಯಾರೋ ಜಾಣ ಬಂದು ಸ್ವಿಚ್ ಆಫ್ ಮಾಡುತ್ತಾನೆ, ಗಡಿಯಾರ 007ಕ್ಕೆ ನಿಲ್ಲುತ್ತದೆ.

ಕೆಲಸ ಮಾಡಿದ್ದು ಖಳನ ಪೈಲಟ್ ಪುಸಿ ಗಲೋರ್. ಗ್ಯಾಸ್ ಬದಲಾಯಿಸಿ ವಾಷಿಂಗ್ಟನ್ನಿಗೆ ಸುದ್ದಿ ಮುಟ್ಟಿಸಿದ್ದು ಅವಳೇ. ನಿನ್ನ ಮೋಡಿ ನನಗೆ ತಟ್ಟೋದಿಲ್ಲ ಅಂತ ಮೊದಲ ಭೇಟಿಯಲ್ಲೇ ಹೇಳಿದವಳು. ಅವಳು ಪಕ್ಷ ಬದಲಿಸಿದ್ದು ಯಾಕೆ? ಹುಲ್ಲಿನ ಕೊಟ್ಟಿಗೆಯ ಆ ದೃಶ್ಯದಿಂದಾಗಿ. ಅವಳು ತಳ್ಳುತ್ತಾಳೆ, ಒದ್ದಾಡುತ್ತಾಳೆ. ಬಾಂಡ್ ಬಿಡುವುದಿಲ್ಲ. ಕೊನೆಗೆ ಅವಳೂ ಅಪ್ಪಿಕೊಳ್ಳುತ್ತಾಳೆ. ಇವತ್ತು ಅದನ್ನು ಏನಂತ ಕರೆಯುತ್ತಾರೆ ಅಂತ ನಿಮಗೆ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಆ ದೃಶ್ಯ ಕಿತ್ತುಹಾಕಿದರೆ ಫೋರ್ಟ್ ನಾಕ್ಸ್ ಉಳಿಯುವುದಿಲ್ಲ. ನಾಯಕ ಕಥೆಗೆ ಮಾಡಿದ ಒಂದೇ ದೊಡ್ಡ ಉಪಕಾರ ಅದು. ಅವಳಿಗೆ ಮನಸ್ಸು ಬದಲಿಸಲು ಬೇರೆ ಕಾರಣ ಕೊಡಬೇಕಾದರೆ ಎರಡು ದೃಶ್ಯ ಜಾಸ್ತಿ ಬರೆಯಬೇಕಿತ್ತು. ಮೋಡಿ ಅಂದುಬಿಟ್ಟರೆ ಬರೆಯೋ ಕೆಲಸ ತಪ್ಪಿತು.

ಇದು ಸೋಮಾರಿತನದ ಮಾತಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚಿತ್ರ ಶುರುವಾಗಿ ಐದಾರು ನಿಮಿಷದೊಳಗೆ ಬಾಂಡ್ ಒಬ್ಬ ನರ್ತಕಿಯನ್ನು ತಬ್ಬಿಕೊಂಡಿರುತ್ತಾನೆ. ಹಿಂದೆ ಬರುವ ಕೊಲೆಗಡುಕ ಅವಳ ಕಣ್ಣಲ್ಲಿ ಕಾಣುತ್ತಾನೆ. ಬಾಂಡ್ ಅವಳನ್ನೇ ತಿರುಗಿಸಿ ಏಟಿಗೆ ಒಡ್ಡುತ್ತಾನೆ. ಇಂಥವನನ್ನು ನಾವು ಎರಡು ಗಂಟೆ ಮೆಚ್ಚಿಕೊಂಡು ಕೂರಬೇಕು. ಹೇಗೆ? ತೆರೆಯ ಮೇಲೆ ಯಾರಾದರೂ ಮೊದಲು ಮೆಚ್ಚಬೇಕು. ಆ ಡ್ಯೂಟಿ ಹೆಂಗಸರಿಗೆ. ಅವನಿಂದ ತೊಂದರೆ ಆಗೋದು ಅವರಿಗೇ. ಅವರೇ ಪರವಾಗಿಲ್ಲ ಅಂದಮೇಲೆ ಕುರ್ಚಿಯಲ್ಲಿ ಕೂತವನಿಗೇನು? ಅವರು ಸೋಲದಿದ್ದರೆ ಬಾಂಡ್‌ಗೂ ಆಡ್‌ಜಾಬ್‌ಗೂ ಇರುವ ವ್ಯತ್ಯಾಸ ದರ್ಜಿಯದ್ದು ಮಾತ್ರ.

ಇದನ್ನು ಕಟ್ಟುವ ಬಗೆಯನ್ನು 1962ರ 'ಡಾಕ್ಟರ್ ನೋ'ದಲ್ಲಿ ನೋಡಿ. ನಿರ್ದೇಶಕ ಟೆರೆನ್ಸ್ ಯಂಗ್ ಬಾಂಡ್‌ನ ಮುಖ ತಕ್ಷಣ ತೋರಿಸುವುದಿಲ್ಲ. ಇಸ್ಪೀಟಿನ ಮೇಜು, ಅವನ ಕೈ, ಅವನ ಬೆನ್ನು. ಎದುರಿಗೆ ಸೋಲುತ್ತಲೇ ಇರುವ ಸಿಲ್ವಿಯಾ ಟ್ರೆಂಚ್. ಅವನನ್ನು ನಾವು ನೋಡುವ ಮೊದಲೇ ಅವಳು ನೋಡುತ್ತಿದ್ದಾಳೆ. ಅವಳು ಹೆಸರು ಕೇಳಿದಾಗಷ್ಟೇ ಆ ಮುಖ, ಆ ಸಿಗರೇಟು. ಸೀನ್ ಕಾನರಿ ಚೆಲುವ, ಇಲ್ಲ ಅನ್ನಲ್ಲ. ಆದರೆ ಅರ್ಧ ಕೆಲಸ ಮಾಡಿದ್ದು ಅವಳ ರಿಯಾಕ್ಷನ್ ಶಾಟ್. ಇನ್ನೊಂದು ವಿಷಯ: ಆ ಸಿಲ್ವಿಯಾಗೂ, ಸಮುದ್ರದಿಂದ ಎದ್ದು ಬರುವ ಉರ್ಸುಲಾ ಆಂಡ್ರೆಸ್‌ಗೂ ಡಬ್ಬಿಂಗ್ ಮಾಡಿದ್ದು ಒಬ್ಬರೇ, ನಿಕ್ಕಿ ವಾನ್ ಡರ್ ಝೈಲ್. ಹೆಂಗಸರ ಅಭಿಪ್ರಾಯ ಅಂತ ನೀವು ಕೇಳಿಸಿಕೊಂಡದ್ದಕ್ಕೆ ಗಂಟಲೂ ಒಂದೇ.

ಬರೆದವರಿಗೆ ಇದು ಗೊತ್ತಿರಲಿಲ್ಲ ಅನ್ಕೋಬೇಡಿ. 1965ರ 'ಥಂಡರ್‌ಬಾಲ್'ನಲ್ಲಿ ಖಳರ ಕಡೆಯ ಫಿಯೋನಾ ವೋಲ್ಪೆ ಬಾಂಡ್‌ನ ಮುಖಕ್ಕೇ ನಗುತ್ತಾಳೆ. ನಿನ್ನ ಜೊತೆ ಮಲಗಿದ ತಕ್ಷಣ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರಾ, ನಾನು ಆಗಲ್ಲ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ, ಡಾನ್ಸ್ ಮಾಡುತ್ತಿರುವಾಗ, ಬಾಂಡ್‌ಗೆ ಇಟ್ಟ ಗುಂಡು ಅವಳ ಬೆನ್ನಿಗೆ ಬೀಳುತ್ತದೆ. ತಿರುಗಿಸಿದವನು ಅವನೇ.

ಈಗ ಕೆಲವರು ಕೇಳುತ್ತೀರಿ: ಹೆಂಗಸರೇ ಇಂಥ ಕಥೆ ಬರೆದಿಲ್ಲವಾ, ಓದಿಲ್ಲವಾ? ಬರೆದಿದ್ದಾರೆ, ಓದಿದ್ದಾರೆ. ರುಡಾಲ್ಫ್ ವ್ಯಾಲೆಂಟಿನೋನನ್ನು ಸ್ಟಾರ್ ಮಾಡಿದ 1921ರ 'ದ ಶೇಕ್' ಚಿತ್ರದ ಮೂಲ ಕಾದಂಬರಿ ಇ.ಎಂ. ಹಲ್ ಎಂಬ ಹೆಂಗಸಿನದು. ಯುದ್ಧದ ಕಾಲದ ಬ್ರಿಟನ್ನಿನಲ್ಲಿ ಜೇಮ್ಸ್ ಮೇಸನ್ ಕ್ರೂರಿಯ ಪಾತ್ರ ಮಾಡಿಯೇ ಹೆಂಗಸರ ಮೆಚ್ಚಿನ ನಟ ಆದರು. ಆದರೆ ಇಲ್ಲಿ ಕರಾರು ಬೇರೆ. ಜಾನಿಸ್ ರಾಡ್‌ವೇ ಪ್ರೇಮ ಕಾದಂಬರಿ ಓದುವ ಅಮೆರಿಕದ ಹೆಂಗಸರನ್ನೇ ಕೂರಿಸಿ ಮಾತಾಡಿಸಿ 1984ರಲ್ಲಿ ಪುಸ್ತಕ ಬರೆದರು. ಒರಟುತನದ ಹಿಂದೆ ಪ್ರೀತಿ ಇದೆ ಅಂತ ಖಾತ್ರಿಯಾಗಬೇಕು, ಕೊನೆಗೆ ಅವನು ಮೆತ್ತಗಾಗಬೇಕು. ಬರೀ ಕ್ರೌರ್ಯ ಇದ್ದರೆ ಆ ಪುಸ್ತಕ ಅವರಿಗೆ ಬೇಡ. ಬಾಂಡ್ ಮೆತ್ತಗಾಗುವುದಿಲ್ಲ. ಆದ ಸಲ ಏನಾಯಿತು? 1969ರಲ್ಲಿ ಮದುವೆಯಾದ, ಹೆಂಡತಿ ಸತ್ತಳು. 2006ರಲ್ಲಿ ಪ್ರೀತಿಸಿದ, ಅವಳೂ ಸತ್ತಳು. 2021ರಲ್ಲಿ ಸಂಸಾರ ಕಂಡ, ಅವನೇ ಸತ್ತ. (ನೋಡದವರು ಕ್ಷಮಿಸಿ, ಇಷ್ಟು ವರ್ಷ ಆಯ್ತಲ್ಲ.) ಇದು ಹೆಂಗಸರಿಗಾಗಿ ಬರೆದ ಕನಸಲ್ಲ. ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಮೊದಲ ಕಾದಂಬರಿ ಬಂದ 1953ರಲ್ಲಿ ಬ್ರಿಟನ್ನಿನಲ್ಲಿ ಮಾಂಸಕ್ಕೆ ಇನ್ನೂ ರೇಷನ್. ಆಫೀಸಲ್ಲಿ ಬಾಸ್, ಮನೆಯಲ್ಲಿ ಕೂಪನ್. ಯಾರನ್ನೂ ಏನೂ ಕೇಳಬೇಕಿಲ್ಲದ ಗಂಡಸೊಬ್ಬ ಬೇಕಾಗಿದ್ದದ್ದು ಆ ಗಂಡಸರಿಗೆ.

ಪ್ರಶ್ನೆ: ಹುಡುಗಿಯರನ್ನು ಕಡೆಗಣಿಸಿದರೆ ಹಿಂದೆ ಬರುತ್ತಾರೆ ಅಂತ ಕಲಿಸುವ ಆನ್‌ಲೈನ್ ಕೋರ್ಸಿಗೆ ತಮ್ಮ ದುಡ್ಡು ಕಟ್ಟಿದ್ದಾನೆ. ಅವರೂ ಬಾಂಡ್ ಕ್ಲಿಪ್ಪೇ ತೋರಿಸುತ್ತಾರಂತೆ.

ದುಡ್ಡು ವಾಪಸ್ ಕೇಳಲು ಹೇಳಿ, ಕೊಡೋದಿಲ್ಲ. ಆ ಕ್ಲಿಪ್ಪಿನಲ್ಲಿರುವ ಹೆಂಗಸಿಗೆ ಸಂಬಳ ಇತ್ತು, ಸ್ಕ್ರಿಪ್ಟ್ ಇತ್ತು. ನಿಮ್ಮ ತಮ್ಮನ ಆಫೀಸಿನ ಹುಡುಗಿಗೆ ಎರಡೂ ಇಲ್ಲ, ಎಚ್‌ಆರ್ ನಂಬರ್ ಇರುತ್ತದೆ. ಈ ಆಲ್ಫಾ ಗಂಡಸು ಅಂತ ರೀಲ್ಸ್ ಮಾಡುವವರ ಬಗ್ಗೆ ದಯವಿಟ್ಟು ನನಗೆ ಮತ್ತೆ ಬರೆಯಬೇಡಿ.

ಪ್ರಶ್ನೆ: ನಮ್ಮ ಅಣ್ಣಾವ್ರೂ ಬಾಂಡ್ ಆಗಿದ್ದರಲ್ಲ?

ಹೌದು, ದೊರೆ-ಭಗವಾನ್ 1968ರಲ್ಲಿ 'ಜೇಡರ ಬಲೆ' ಮಾಡಿದರು. ಸಿ.ಐ.ಡಿ. 999. ಗನ್ನು ಅವರ ಕೈಗೆ ಒಪ್ಪಿತು. ಆ ತಣ್ಣನೆಯ ಕ್ರೌರ್ಯ ಅವರ ಮುಖಕ್ಕೆ ಒಪ್ಪುತ್ತಿರಲಿಲ್ಲ, ಒಪ್ಪಿದ್ದರೂ ಜನ ಬಿಡುತ್ತಿರಲಿಲ್ಲ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗನಿಗೆ ಹಳೆಯ ಬಾಂಡ್ ಚಿತ್ರ ತೋರಿಸಬಹುದಾ?

ನಾನಾದರೆ ಒಬ್ಬನನ್ನೇ ಬಿಡೋದಿಲ್ಲ. ಪಕ್ಕದಲ್ಲಿ ಕೂತುಕೊಳ್ಳಿ, ರಿಮೋಟ್ ನಿಮ್ಮ ಹತ್ತಿರ ಇರಲಿ. ಕೊಟ್ಟಿಗೆಯ ದೃಶ್ಯ ಬಂದಾಗ ಹಾರಿಸಬೇಡಿ, ಹಾರಿಸಿದರೆ ಅವನು ಆಮೇಲೆ ಫೋನಿನಲ್ಲಿ ನೋಡುತ್ತಾನೆ. ನಿಲ್ಲಿಸಿ, ಅವಳು ಏನು ಹೇಳ್ತಿದ್ದಾಳೆ ಅಂತ ಕೇಳಿ. 'ಥಂಡರ್‌ಬಾಲ್'ನಲ್ಲಿ ಬಾಂಡ್ ಆಸ್ಪತ್ರೆಯ ಹುಡುಗಿಗೆ ಕೆಲಸ ಹೋಗುವ ಭಯ ಹುಟ್ಟಿಸಿ ಒಪ್ಪಿಸುವುದೂ ಅದೇ ಸಾಲಿನದು, ಅಲ್ಲೂ ನಿಲ್ಲಿಸಿ. ಚೇಸ್‌ಗಳಿಗೆ ಅಡ್ಡ ಬರಬೇಡಿ, ಅವು ಚೆನ್ನಾಗಿವೆ.